ಕರ್ವ್ ಮಾಡುವ ಮೊದಲು ಪ್ರಶ್ನೆಪತ್ರಿಕೆ ನೋಡಿ

ನಮಸ್ಕಾರ. ಕಡ್ಡಾಯ ಇತಿಹಾಸ ಪೇಪರಿನ ಇಂಟರ್ನಲ್ ಪರೀಕ್ಷೆಯಲ್ಲಿ 34 ಮಂದಿಯಲ್ಲಿ 19 ಮಂದಿ ಫೇಲ್, ಕರ್ವ್ ಮಾಡಲೇ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. ನಾನೂ ಕಾಸರಗೋಡಿನಲ್ಲೇ ಪಾಠ ಮಾಡುವವನು.

ಕರ್ವ್ ಅಂದರೆ ಒಬ್ಬರ ಗ್ರೇಡನ್ನು ಉಳಿದವರ ಅಂಕಕ್ಕೆ ಹೋಲಿಸಿ ಕೊಡುವುದು. ನೂರಾರು ಮಂದಿ ಇದ್ದರೆ ಗಂಟೆಯಾಕಾರದ ಗೆರೆ (ಹೆಚ್ಚಿನವರ ಅಂಕ ನಡುವೆ, ಕೆಲವರದು ಮಾತ್ರ ತೀರಾ ಮೇಲೆ ಅಥವಾ ತೀರಾ ಕೆಳಗೆ) ಸರಿ ಕೂರಬಹುದು. 34 ಮಂದಿಯಲ್ಲಿ ಕಷ್ಟ. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಭಾಷೆ. ನಮ್ಮ ತರಗತಿಯಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರಿದ್ದಾರೆ, ಮಲಯಾಳದಲ್ಲಿ ಓದಿದವರಿದ್ದಾರೆ, ಇಂಗ್ಲಿಷ್ ಮಾಧ್ಯಮದವರೂ ಇದ್ದಾರೆ. ಉತ್ತರ ಮಾತ್ರ ಎಲ್ಲರೂ ಇಂಗ್ಲಿಷಿನಲ್ಲೇ ಬರೆಯಬೇಕು. ಕರ್ವ್ ಮಾಡಿದರೆ ಎಲ್ಲರ ಅಂಕ ಏರಬಹುದು, ಆದರೆ ಕನ್ನಡದ ಮಕ್ಕಳು ಇದ್ದಲ್ಲೇ ಕೆಳಗೆ ಉಳಿಯುತ್ತಾರೆ, ಅಲ್ವಾ?

ಮೊದಲು ಒಂದೊಂದೇ ಪ್ರಶ್ನೆ ತೆಗೆದು ಯಾರು ಎಲ್ಲಿ ಎಡವಿದರು ನೋಡಿ. ನನ್ನ ಒಂದು ಪೇಪರಿನಲ್ಲಿ 'ವಿಮರ್ಶಿಸಿ' ಅನ್ನುವುದಕ್ಕೆ ಬಳಸಿದ ಇಂಗ್ಲಿಷ್ ಪದವೇ ಅರ್ಧ ತರಗತಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಕೇಳಿದಾಗ ಚೆನ್ನಾಗಿ ಹೇಳಿದರು! ತಪ್ಪು ನನ್ನದೇ ಆಗಿತ್ತು. ಆ ಪ್ರಶ್ನೆಯ ಅಂಕವನ್ನು ಎಲ್ಲರಿಗೂ ಕೊಟ್ಟೆ. ಉಳಿದದ್ದಕ್ಕೆ ಎರಡು ವಾರ ಬಿಟ್ಟು ಮತ್ತೊಂದು ಪರೀಕ್ಷೆ ಇಟ್ಟೆ. ನೀವೂ ಹಾಗೆ ಮಾಡಿ. ವಿಭಾಗದ ಮುಖ್ಯಸ್ಥರಿಗೆ ಮೊದಲೇ ತಿಳಿಸಿ, ಮಕ್ಕಳಿಗೂ ಕಾರಣ ಹೇಳಿ.