ಮೇಷ್ಟ್ರಿಗಿಂತ ಮೊದಲೇ ಲೆಕ್ಕ ಮುಗಿಸುವ ಹುಡುಗ

ಪ್ರಶ್ನೆ: ನನ್ನ ಮಗ ಊರಿನ ಸರ್ಕಾರಿ ಶಾಲೆಯಲ್ಲಿ 7ನೇ ತರಗತಿ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿಬಿಡುತ್ತಾನೆ. ಆಮೇಲೆ ಪಕ್ಕದವರ ಜೊತೆ ಮಾತು, ಗಲಾಟೆ. ದಿನಾ ದೂರು. ಪರೀಕ್ಷೆಯಲ್ಲಿ ಬರೀ ಉತ್ತರ ಬರೆದು ಅಂಕ ಕಳೆದುಕೊಳ್ಳುತ್ತಾನೆ. ಪೇಟೆಯ ಖಾಸಗಿ ಶಾಲೆಗೆ ಸೇರಿಸಿ, ಅಲ್ಲಿ ಐಐಟಿ ಫೌಂಡೇಶನ್ ಇದೆ ಅಂತ ನೆಂಟರ ಒತ್ತಾಯ. ನಮಗಿರುವುದು ಎರಡು ಎಕರೆ ತೋಟ, ನನ್ನ ಹೊಲಿಗೆ ಮಿಷನ್ನು. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ಕಡೂರು ತಾಲ್ಲೂಕು

ಉತ್ತರ: ಸಾಲ ಮಾಡಿ ಶಾಲೆ ಬದಲಿಸಬೇಡಿ ತಾಯಿ. ಅದಕ್ಕೆ ಗಟ್ಟಿ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಮೊದಲು ಆ ಬರೀ ಉತ್ತರದ ವಿಚಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗಿ ಹೀಗೇ ಕೊನೆಯ ಸಾಲು ಮಾತ್ರ ಬರೆಯುತ್ತಿದ್ದಳು. ಕಾಪಿ ಹೊಡೆದಿದ್ದಾಳೆ ಅಂತ ಒಂದು ಪೀರಿಯಡ್ ಪೂರ್ತಿ ನಿಲ್ಲಿಸಿದೆ. ಸಂಜೆ ಸ್ಟಾಫ್ ರೂಮಿನಲ್ಲಿ ಅದೇ ಲೆಕ್ಕವನ್ನು ಬಾಯಲ್ಲೇ ಮಾಡಿ ತೋರಿಸಿದಳು, ಕಣ್ಣಲ್ಲಿ ನೀರು. ಇವತ್ತಿಗೂ ಅದು ನನಗೆ ಸಂಕಟವೇ. ಆಮೇಲೆ ಅವಳಿಗೆ ಒಂದೇ ಮಾತು ಹೇಳಿದೆ: ನನಗೆ ಬರೆಯಬೇಡ, 5ನೇ ತರಗತಿಯ ನಿನ್ನ ತಂಗಿಗೆ ಅರ್ಥವಾಗುವ ಹಾಗೆ ಬರೆ. ಸ್ಟೆಪ್ಸ್ ತಾವಾಗಿಯೇ ಬಂದವು. ನಿಮ್ಮ ಮಗನಿಗೂ ಹೀಗೆ ಹೇಳಿ ನೋಡಿ.

ಇನ್ನು ಗಲಾಟೆ. ಅವನಿಗೆ ತರಗತಿಯಲ್ಲಿ ಅರ್ಧ ಗಂಟೆ ಕೆಲಸವಿಲ್ಲ, ಅಷ್ಟೆ. ಹಾಗಂತ ಮುಂದಿನ ವರ್ಷದ ಪುಸ್ತಕ ಕೈಗಿಟ್ಟರೆ 8ನೇ ತರಗತಿಯಲ್ಲಿ ಇನ್ನೂ ಬೇಜಾರಾಗುತ್ತದೆ. ಆಳಕ್ಕೆ ಇಳಿಯುವ ಲೆಕ್ಕ ಕೊಡಬೇಕು. ಒಂದನ್ನು ಇಲ್ಲೇ ಕೊಡುತ್ತೇನೆ. ಯಾವುದಾದರೂ ನಾಲ್ಕಂಕಿ ಸಂಖ್ಯೆ ತಗೊಳ್ಳಲಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. 3524 ಅಂದುಕೊಳ್ಳಿ. ಇಳಿಕೆ ಕ್ರಮದಲ್ಲಿ 5432, ಏರಿಕೆಯಲ್ಲಿ 2345, ಕಳೆದರೆ 3087. ಮತ್ತೆ 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಹೋದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಅಲ್ಲಿಗೇ ಬಂದು ಸೇರುತ್ತದೆ. ಇದನ್ನು ಕಂಡುಹಿಡಿದ ಡಿ. ಆರ್. ಕಾಪ್ರೇಕರ್ ನಾಸಿಕ್ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಮೂರಂಕಿಯಲ್ಲಿ ಏನಾಗುತ್ತದೆ ಅಂತ ನಿಮ್ಮ ಮಗ ಹುಡುಕಲಿ. ಇಂಥದ್ದೊಂದು ಸಿಕ್ಕರೆ ವಾರಗಟ್ಟಲೆ ಸದ್ದಿರುವುದಿಲ್ಲ. ಮೇಷ್ಟ್ರನ್ನೂ ದೂರಬೇಡಿ, ಹೋಗಿ ಮಾತಾಡಿ. ಬೇಗ ಮುಗಿಸಿದವನಿಗೆ ಒಂದು ಲೆಕ್ಕ ಹೆಚ್ಚಿಗೆ ಕೊಡಿ ಸಾರ್ ಅಂದರೆ ಬೇಡ ಅನ್ನುವವರು ಕಡಿಮೆ.

ಈಗ ಶಾಲೆ ಬದಲಿಸಬೇಡಿ ಅಂದದ್ದು ಯಾಕೆಂದರೆ, ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ 8ನೇ ತರಗತಿ ಮಕ್ಕಳಿಗೆ ಮಾತ್ರ. ಪಾಸಾಗಿ ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, 7ನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ. 50). ಖಾಸಗಿ ಶಾಲೆಗೆ ಹಾಕಿದ ದಿನವೇ ಈ ಬಾಗಿಲು ಮುಚ್ಚಿತು. ಅದಕ್ಕೇ ಈ ವರ್ಷದ ಅಂಕ ಮುಖ್ಯ, ಸ್ಟೆಪ್ಸೂ ಮುಖ್ಯ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಆ ಕಾಗದ ಸಿಗದೆ ಅರ್ಜಿ ಹಾಕಲಾಗದ ಮಕ್ಕಳನ್ನು ಕಂಡಿದ್ದೇನೆ.

ನವೋದಯದ 6ನೇ ತರಗತಿ ಪ್ರವೇಶ ಅವನಿಗೆ ದಾಟಿಹೋಯಿತು. ಆದರೆ 8ರಲ್ಲಿ ಓದುವಾಗ ಬರೆದರೆ, ಖಾಲಿ ಸೀಟಿದ್ದಲ್ಲಿ 9ಕ್ಕೆ ತೆಗೆದುಕೊಳ್ಳುತ್ತಾರೆ. ಗಣಿತ, ವಿಜ್ಞಾನದ ಜೊತೆ ಇಂಗ್ಲಿಷ್, ಹಿಂದಿಯೂ ಇರುತ್ತದೆ, ಹಿಂದಿಗೆ ಈಗಿನಿಂದ ಸ್ವಲ್ಪ ಗಮನ ಕೊಡಿಸಿ. ಅಲ್ಲಿಗೆ ಸೇರಿದರೆ ಎನ್‌ಎಂಎಂಎಸ್ ಹಣ ಬರುವುದಿಲ್ಲ, ಊಟ ವಸತಿ ಅವರದೇ. ಗಣಿತ ಒಲಿಂಪಿಯಾಡ್‌ನ ಮೊದಲ ಮೆಟ್ಟಿಲಾದ ಐಒಕ್ಯೂಎಂ ಕೂಡ 8ನೇ ತರಗತಿಯಿಂದ ಬರೆಯಬಹುದು. ಕಷ್ಟದ ಪತ್ರಿಕೆ ಅದು, ಅಂಕದ ಆಸೆ ಇಟ್ಟುಕೊಳ್ಳದೆ ಬರೆಸಿ. ಒಲಿಂಪಿಯಾಡ್‌ಗಳ ಹಳೆಯ ಪ್ರಶ್ನೆಪತ್ರಿಕೆಗಳು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ.

ಮೂರಂಕಿಯಲ್ಲಿ ಅವನಿಗೆ ಯಾವ ಸಂಖ್ಯೆ ಸಿಕ್ಕಿತು ಅಂತ ಅವನ ಕೈಯಲ್ಲೇ ಬರೆಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹೇಗೆ ಸಿಕ್ಕಿತು ಅನ್ನುವುದನ್ನೂ ಬರೆದಿರಲಿ.