ನಾನು ರಾಯಚೂರಿನಿಂದ ಕೇಳ್ತಿದ್ದೀನಿ. ಮಾಯಾ ಮಂತ್ರದ ಆಕ್ಷನ್ ಸರಣಿಗಳನ್ನು ಎಲ್ಲಿಂದ ಓದಲು ಶುರು ಮಾಡಲಿ? ಪರ್ಯಾಯ ಇತಿಹಾಸ ಅಂದರೇನು?

ನೀವು ರಾಯಚೂರಿನವರು ಅಂದಿರಿ, ಹಾಗಾಗಿ ಅಲ್ಲಿಂದಲೇ ಹೇಳ್ತೀನಿ. 1520ರಲ್ಲಿ ನಿಮ್ಮ ಕೋಟೆಗಾಗಿ ಕೃಷ್ಣದೇವರಾಯನೂ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದರಲ್ವಾ? ಆಗ ಎರಡೂ ಕಡೆ ಮಂತ್ರವಾದಿಗಳು ಇದ್ದಿದ್ದರೆ ಏನಾಗುತ್ತಿತ್ತು? ಹೀಗೆ ನಡೆದ ಇತಿಹಾಸದಲ್ಲಿ ಏನೋ ಒಂದು ಬೇರೆಯಾಗಿದ್ದರೆ ಅಂತ ಕಲ್ಪಿಸಿ ಬರೆಯೋದೇ ಪರ್ಯಾಯ ಇತಿಹಾಸ.

ನವೋಮಿ ನೋವಿಕ್ ಅವರ ‘ಟೆಮೆರೇರ್’ ನೋಡಿ. ನೆಪೋಲಿಯನ್ ಕಾಲದ ಯುದ್ಧಕ್ಕೆ ಡ್ರ್ಯಾಗನ್‌ಗಳ ಪಡೆಯೇ ಇಳಿಯುತ್ತದೆ. 2006ರಿಂದ 2016ರವರೆಗೆ ಒಂಬತ್ತು ಕಾದಂಬರಿ.

ಈಗಿನ ಕಾಲದ ಊರಲ್ಲೇ ಮಾಟ ಮಂತ್ರ ಬೇಕಿದ್ದರೆ ಜಿಮ್ ಬುಚರ್ ಅವರ ‘ಡ್ರೆಸ್ಡೆನ್ ಫೈಲ್ಸ್’ ಹಿಡಿಯಿರಿ. ಶಿಕಾಗೋದ ಮಾಂತ್ರಿಕ ಪತ್ತೇದಾರನ ಕಥೆ. 2000ದಲ್ಲಿ ಬಂದ ಮೊದಲ ಪುಸ್ತಕ ಸ್ವಲ್ಪ ಸಪ್ಪೆ ಅನ್ನಿಸಿದರೂ ಬಿಡಬೇಡಿ. ನನ್ನ ಪ್ರಕಾರ ಮೂರನೆಯದರಿಂದ ಕಥೆ ಜೋರಾಗುತ್ತದೆ. ಒಂದು ಪುಸ್ತಕದಲ್ಲಿ ಆದ ಗಾಯ, ಕಟ್ಟಿಕೊಂಡ ದ್ವೇಷ ಮುಂದಿನದರಲ್ಲೂ ಕಾಡುತ್ತವೆ. ಅದಕ್ಕೇ ನಡುವಿನಿಂದ ಶುರು ಮಾಡಿದರೆ ಅರ್ಧ ಮಜಾ ಹೋಗುತ್ತದೆ.