ಹಲಗೆ ಹಿಂದಕ್ಕೆ ಎಗರುವುದಕ್ಕೆ ಮೋಟಾರು ಕಾರಣ ಅಲ್ಲ, ಬ್ಲೇಡಿನ ಹಿಂಬದಿ ನೋಡಿ

ಪೆರ್ಲದ ಅಣ್ಣ ಕೇಳಿದ್ದು ಇಷ್ಟು: ಆ್ಯಂಗಲ್ ಸ್ಟ್ಯಾಂಡಿನ ಲೋಕಲ್ ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡು ಬ್ಲೇಡು ಮೇಲೆ ಕಾಣುವ ಗರಗಸ), 2 ಎಚ್‌ಪಿ ಮೋಟಾರು, 12 ಇಂಚಿನ ಬ್ಲೇಡು. ಆರಡಿಯ ರಬ್ಬರ್ ಮರದ ಹಲಗೆಯಲ್ಲಿ ರೀಪು ಸೀಳುವಾಗ ಅರ್ಧಕ್ಕೆ ಬಿಗಿದು, ಹಲಗೆ ವಾಪಸ್ ಎಗರಿ ಹೊಟ್ಟೆಗೆ ಬಡಿಯಿತು. ಬ್ಲೇಡು ಮೊಂಡಾಯಿತಾ, 3 ಎಚ್‌ಪಿ ಹಾಕಬೇಕಾ?

ಫೋಟೋ ನೋಡಿದೆ. ಮೋಟಾರು ಬದಲಿಸಬೇಡಿ. ದೊಡ್ಡದು ಹಾಕಿದರೆ ಮುಂದಿನ ಪೆಟ್ಟು ಇನ್ನೂ ಜೋರು ಬೀಳುತ್ತದೆ, ಅಷ್ಟೇ. ಬ್ಲೇಡು ಮೊಂಡಾಗಿರಲೂಬಹುದು, ಆದರೆ ಮೊದಲ ಕಾರಣ ಅದಲ್ಲ. ನಿಮ್ಮ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಎಂಬ ತಗಡು ಇಲ್ಲ.

ಬ್ಲೇಡಿನ ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ, ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಸೀಳಿದ ಸಂದು ಮುಚ್ಚಿಕೊಂಡು ಮರ ಆ ಹಿಂದಿನ ಹಲ್ಲಿಗೆ ತಾಗಿದರೆ, ಅದು ಮರವನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. 12 ಇಂಚಿನ ಬ್ಲೇಡು 2800 ಆರ್‌ಪಿಎಂನಲ್ಲಿ ತಿರುಗಿದರೆ ಹಲ್ಲಿನ ತುದಿಯ ವೇಗ ಗಂಟೆಗೆ ಸುಮಾರು 160 ಕಿ.ಮೀ. ತಡೆದು ಹಿಡಿಯುತ್ತೇನೆ ಎಂಬುದು ಆಗದ ಮಾತು. ರಬ್ಬರ್ ಮತ್ತು ಅಕೇಶಿಯಾದ ಒಳಗೆ ಬಿಗಿತ ಜಾಸ್ತಿ, ಸೀಳಿದ ಹಾಗೆ ಎರಡು ತುಂಡುಗಳೂ ಬಾಗುತ್ತವೆ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಲಗೆಯಾದರೆ ಕೇಳುವುದೇ ಬೇಡ. ಪ್ಲೈವುಡ್ ಮಾತ್ರ ಕೊಯ್ಯುವವರಿಗೆ ಈ ಉಪದ್ರ ಅಷ್ಟು ಗೊತ್ತಾಗುವುದಿಲ್ಲ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಬೆನ್ನಿಗೇ ನಿಲ್ಲುವ ಒಂದು ಉಕ್ಕಿನ ತಗಡು, ಸಂದು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು, ಆದರೆ ಅಳತೆ ತಪ್ಪಬಾರದು. ವರ್ನಿಯರಿನಲ್ಲಿ ಎರಡು ಅಳತೆ ತೆಗೆಯಿರಿ: ಹಲ್ಲಿನ ದಪ್ಪ ಮತ್ತು ಬ್ಲೇಡಿನ ತಗಡಿನ ದಪ್ಪ. ಹಲ್ಲು 3.2 ಮಿ.ಮೀ., ತಗಡು 2.2 ಆದರೆ ನೈಫ್ 2.5ರಿಂದ 2.8ರೊಳಗೆ ಇರಬೇಕು. ಹಲ್ಲಿಗಿಂತ ದಪ್ಪವಾದರೆ ಮರ ಮುಂದೆ ಹೋಗದು, ತಗಡಿಗಿಂತ ತೆಳುವಾದರೆ ಇದ್ದೂ ಪ್ರಯೋಜನ ಇಲ್ಲ. ಬ್ಲೇಡಿನ ಸುತ್ತಿಗೆ ಸರಿಯಾಗಿ ಅದರ ಮುಂದಿನ ಅಂಚು ಬಾಗಿರಲಿ, ಹಲ್ಲಿಗೂ ಅದಕ್ಕೂ 3ರಿಂದ 8 ಮಿ.ಮೀ. ಅಂತರ, ಎತ್ತರ ಬ್ಲೇಡಿಗಿಂತ 2 ಮಿ.ಮೀ. ಕಮ್ಮಿ. ಒಂದೇ ಬೋಲ್ಟಿನಲ್ಲಿ ನಿಲ್ಲಿಸಬೇಡಿ, ತಿರುಗಿಬಿಡುತ್ತದೆ; ಎರಡು ಬೇಕು. ಲೋಕಲ್ ಮೆಷಿನುಗಳಲ್ಲಿ ಎಲ್ಲರೂ ತಪ್ಪುವುದು ಇಲ್ಲಿ: ಮೇಜನ್ನು ಮೇಲೆ ಕೆಳಗೆ ಮಾಡಿ ಕೊಯ್ತದ ಆಳ ಹೊಂದಿಸುವ ಸಾ ಆದರೆ ನೈಫನ್ನು ಮೇಜಿಗೆ ಕೂರಿಸಲೇಬಾರದು, ಬೇರಿಂಗ್ ಕೂತ ಪಟ್ಟಿಗೆ ಕೂರಿಸಬೇಕು. ಇಲ್ಲದಿದ್ದರೆ ಮೇಜು ಹಂದಿದಾಗಲೆಲ್ಲ ಅಂತರ ತಪ್ಪುತ್ತದೆ.

ಮತ್ತೆ ಫೆನ್ಸ್, ಅಂದರೆ ಹಲಗೆಯನ್ನು ತಾಗಿಸಿ ನೂಕುವ ನೇರ ಪಟ್ಟಿ. ಪ್ಲಗ್ ತೆಗೆದು, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ. ಆ ಹಲ್ಲು ಮುಂದೆ ಮೇಜಿನ ಮಟ್ಟಕ್ಕೆ ಬಂದಾಗ ಫೆನ್ಸಿಗೆ ಎಷ್ಟು ದೂರ ಅಂತ ಅಳೆಯಿರಿ, ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲು ಹಿಂದೆ ಬಂದಾಗ ಪುನಃ ಅಳೆಯಿರಿ. ಎರಡೂ ಒಂದೇ ಇರಬೇಕು, ಇಲ್ಲವಾದರೆ ಹಿಂದೆ 0.2 ಮಿ.ಮೀ. ಜಾಸ್ತಿ ಇದ್ದರೂ ಅಡ್ಡಿ ಇಲ್ಲ. ಹಿಂದೆ ಕಮ್ಮಿ ಇದ್ದರೆ ಹಲಗೆಯನ್ನು ನಾವೇ ಹಿಂದಿನ ಹಲ್ಲಿಗೆ ಒತ್ತಿಕೊಟ್ಟ ಹಾಗಾಯಿತು.

ಘನ ಮರ ಸೀಳುವವರು ಇನ್ನೊಂದು ಮಾಡಬೇಕು. ಫೆನ್ಸಿಗೆ 18 ಮಿ.ಮೀ. ಪ್ಲೈವುಡ್ಡಿನ ಒಂದು ಗಿಡ್ಡ ಪಟ್ಟಿ ಕ್ಲ್ಯಾಂಪ್ ಮಾಡಿ, ಅದು ಬ್ಲೇಡಿನ ನಡುಮಧ್ಯದ ಹತ್ತಿರ ಮುಗಿಯಲಿ. ಸೀಳಿದ ತುಂಡು ಹೊರಗೆ ಬಾಗಿದರೆ ಅದಕ್ಕೆ ಜಾಗ ಸಿಗುತ್ತದೆ, ಬಿಗಿಯುವುದಿಲ್ಲ. ಬಾಗಿದ ಅಂಚನ್ನು ಫೆನ್ಸಿಗೆ ತಾಗಿಸಬೇಡಿ. ಮೊದಲು ಕೀಸುಳಿಯಲ್ಲಿ ಒಂದು ಅಂಚು ನೇರ ಮಾಡಿ. ಅಷ್ಟು ಪುರುಸೊತ್ತಿಲ್ಲವಾದರೆ ನೇರವಾದ ಪ್ಲೈವುಡ್ ಪಟ್ಟಿಯನ್ನು ಹಲಗೆಗೆ ಸ್ಕ್ರೂ ಮಾಡಿ, ಅದನ್ನು ಫೆನ್ಸಿಗೆ ಕೊಡಿ. ಸ್ಕ್ರೂ ಬ್ಲೇಡಿನ ದಾರಿಯಲ್ಲಿ ಬರಬಾರದು.

ಸೀಳಲು 24 ಹಲ್ಲಿನದ್ದು ಅಥವಾ 36ರದ್ದು ಸಾಕು. ನಿಮ್ಮದು ಎಣಿಸಿದರೆ 80 ಇರುವ ಹಾಗೆ ಕಾಣುತ್ತದೆ, ಅದು ಅಡ್ಡ ಕೊಯ್ಯಲಿಕ್ಕೆ. ಹಲ್ಲುಗಳ ನಡುವೆ ಹುಡಿ ತುಂಬಿ ಬ್ಲೇಡು ಕಾಯುತ್ತದೆ, ಮರ ಕರಟುತ್ತದೆ, ಆಮೇಲೆ ನಾವು ಜೋರು ಒತ್ತುತ್ತೇವೆ. ಹಸಿ ಹಲಸಿನ ಮೇಣ ಹಿಡಿದ ಬ್ಲೇಡೂ ಹೀಗೇ; ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒರೆಸಿ ಒಣಗಿದ ಮೇಲೆ ಹಾಕಿ. ಬ್ಲೇಡು ಮರದ ಮೇಲೆ 5ರಿಂದ 10 ಮಿ.ಮೀ. ಕಂಡರೆ ಸಾಕು. ಹಳೆ ಮನೆಯ ಪಕ್ಕಾಸು (ಮಾಡಿನ ಮರ) ಆದರೆ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಕಾರ್ಬೈಡ್ ಹಲ್ಲು ಹಾರಿದರೆ ಕಣ್ಣಿಗೇ. ಕನ್ನಡಕ, ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟಬೇಡಿ.

ನಿಲ್ಲುವ ಜಾಗ: ಫೆನ್ಸ್ ಬ್ಲೇಡಿನ ಬಲಕ್ಕಿದ್ದರೆ ನೀವು ಬ್ಲೇಡಿನ ಗೆರೆಯಿಂದ ಎಡಕ್ಕೆ. ಎಡಗೈ ಹಲಗೆಯನ್ನು ಫೆನ್ಸಿಗೆ ಒತ್ತಲಿ, ಬ್ಲೇಡಿನ ಮುಂದಿನ ಹಲ್ಲಿಗಿಂತ ಒಂದು ಗೇಣು ಈಚೆಗೆ, ನಿಮ್ಮ ಬದಿಯಲ್ಲೇ ನಿಲ್ಲಲಿ. ಮುಂದೆ ನೂಕಬೇಕಾದ್ದು ಫೆನ್ಸ್ ಮತ್ತು ಬ್ಲೇಡಿನ ನಡುವಿನ ತುಂಡನ್ನು. ಆ ಅಗಲ 150 ಮಿ.ಮೀ.ಗಿಂತ ಕಮ್ಮಿ ಇದ್ದರೆ ಕೈ ಬೇಡ, ಪುಶ್ ಸ್ಟಿಕ್. ಉದ್ದ ಕೋಲಿಗಿಂತ ಚಪ್ಪಲಿಯ ಆಕಾರದ್ದು ಒಳ್ಳೆಯದು: ಪ್ಲೈವುಡ್ಡಿನಲ್ಲಿ ಒಂದಡಿ ಉದ್ದ, ಹಿಂದೆ 6 ಮಿ.ಮೀ. ಹಿಮ್ಮಡಿ. ಅದು ಮರವನ್ನು ಮುಂದಕ್ಕೂ ಕೆಳಕ್ಕೂ ಒತ್ತುತ್ತದೆ. ಹೆಗಲ ಬೈರಾಸು ತೆಗೆದಿಡಿ. ಗ್ಲೌಸ್ ಬೇಡವೇ ಬೇಡ, ನೂಲು ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಬ್ಲೇಡಿನ ಆಚೆ ನಿಂತವರು ಹಲಗೆಯನ್ನು ಆಧಾರ ಕೊಟ್ಟು ಹಿಡಿಯುವುದು ಮಾತ್ರ, ಎಳೆಯಬಾರದು.

ಮಧ್ಯದಲ್ಲಿ ಬಿಗಿದರೆ ಹಲಗೆಯನ್ನು ವಾಪಸ್ ಎಳೆಯಬೇಡಿ, ಬಿಟ್ಟು ಓಡಲೂ ಬೇಡಿ. ಒತ್ತಿ ಹಿಡಿದು ಮೊಣಕಾಲಿನಿಂದ ಸ್ವಿಚ್ ಆಫ್ ಮಾಡುವ ಹಾಗಿರಬೇಕು. ನಿಮ್ಮದು ಮೇಜಿನ ಅಡಿಯಲ್ಲಿ ಒಳಗಿದೆ, ಹೊರಗೆ ತನ್ನಿ. ಬ್ಲೇಡು ಪೂರ್ತಿ ನಿಂತ ಮೇಲೆ ಸಂದಿಗೆ ಮರದ ಬೆಣೆ ಹಾಕಿ. ಸಂದು ಕಚ್ಚಿಕೊಂಡ ಹಲಗೆಯನ್ನು ಪುನಃ ಸಾಗೆ ಕೊಡುವ ಬದಲು ಮಿಲ್ಲಿನ ಬ್ಯಾಂಡ್ ಸಾದಲ್ಲಿ ಸೀಳಿಸಿ. ಅಲ್ಲಿ ಬ್ಲೇಡು ಮರವನ್ನು ಕೆಳಕ್ಕೇ ಒತ್ತುವುದರಿಂದ ಹೀಗೆ ಎಗರುವುದಿಲ್ಲ.

ಸ್ವಿಚ್ಚಿನ ಮಾತು ಬಂದ ಕಾರಣ: ನಮ್ಮಲ್ಲಿ ಕರೆಂಟು ಹೋಗುವುದು, ಬರುವುದು ಹೊಸತಲ್ಲ. ಸಾಮಾನ್ಯ ಸ್ವಿಚ್ ಆನ್ ಇದ್ದ ಹಾಗೇ ಕರೆಂಟು ಹೋದರೆ, ಬ್ಲೇಡಿನ ಹತ್ತಿರ ಹುಡಿ ಗುಡಿಸುವ ಹೊತ್ತಿಗೇ ಬಂದೀತು. ಕರೆಂಟು ಹೋದಾಗ ತಾನೇ ಬಿಟ್ಟುಕೊಳ್ಳುವ ನೋ-ವೋಲ್ಟ್ ಸ್ಟಾರ್ಟರ್ ಹಾಕಿಸಿ. ಅದರ ಜೊತೆ ಅರ್ತಿಂಗ್ ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ.

ಬೆರಳು ತಾಗಿದ ಕೂಡಲೇ ನಿಲ್ಲುವ ಅಮೆರಿಕದ ಸಾಸ್ಟಾಪ್ ಕಂಪನಿಯ ಸಾ ತರಿಸಿ ಅಂತ ಒಬ್ಬರು ಬರೆದಿದ್ದಾರೆ. ಅದು ಬೆರಳು ಉಳಿಸುತ್ತದೆ, ನಿಜ. ಆದರೆ ಹಲಗೆ ಎಗರಿದ್ದು ಅದರ ಸೆನ್ಸರಿಗೆ ತಿಳಿಯುವುದಿಲ್ಲ, ಹಸಿ ಮರ ಕೊಟ್ಟರೆ ಬೆರಳೆಂದು ತಿಳಿದು ಬ್ರೇಕ್ ಹಾಕೀತು. ರೈವಿಂಗ್ ನೈಫ್ ಅದಕ್ಕೂ ಇದೆ.

ಇನ್ನು ಮುಳ್ಳೇರಿಯದ ತಮ್ಮ ಕೇಳಿದ್ದು, ಮಾರ್ಬಲ್ ಕಟ್ಟರನ್ನು ಪ್ಲೈವುಡ್ಡಿನ ಅಡಿಗೆ ಕವುಚಿ ಕಟ್ಟಿ ಮರ ಕೊಯ್ಯಬಹುದಾ ಅಂತ. ಬೇಡ. ಅದು 12,000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ, ಮರದ ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಹಲವು ಸಲ ಅದಕ್ಕಿಂತ ಕಮ್ಮಿ. ನೈಫ್ ಕೂರಿಸಲು ಜಾಗ ಇಲ್ಲ, ಸ್ವಿಚ್ ಲಾಕ್ ಮಾಡಿ ಬಿಡಬೇಕು, ಮೇಲಿನ ಗಾರ್ಡ್ ಹೋಯಿತು. ಕಪಾಟಿನ ಪ್ಲೈವುಡ್ ಕೊಯ್ಯಲಿಕ್ಕೆ ಮಾತ್ರ ಆದರೆ 7 ಇಂಚಿನ ಸರ್ಕ್ಯುಲರ್ ಸಾ ತೆಗೆದುಕೊಳ್ಳಿ. ಹಾಳೆಯನ್ನು ನೆಲದ ಮೇಲೆ ನಾಲ್ಕು ರೀಪಿನ ಮೇಲಿಟ್ಟು, ಒಂದು ನೇರ ಪಟ್ಟಿ ಕ್ಲ್ಯಾಂಪ್ ಮಾಡಿ, ಅದಕ್ಕೆ ತಾಗಿಸಿ ಮೆಷಿನನ್ನೇ ಓಡಿಸಿ.